ನೂರ ಹದಿನೆಂಟನೇ ಕಾರ್ಡು

ಊರಿನ ಪ್ರೆಸ್ಬಿಟೇರಿಯನ್ ಕ್ರೈಸ್ತ ಸಭೆಯಲ್ಲಿ ಅವಳನ್ನು ಎಲ್ಲರೂ ಪಟ್ಟಿಯಕ್ಕ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಅವಳ ಗಂಡನಿಗಾದರೂ ನೆನಪಿತ್ತೋ ಇಲ್ಲವೋ. ವಾರದ ಐದು ದಿನ ಅವಳ ಕೆಲಸ ಬಸ್ ಡಿಪೋದಲ್ಲಿ, ಪ್ರಯಾಣಿಕರು ಮರೆತು ಹೋದ ಸಾಮಾನುಗಳ ಕೌಂಟರಿನಲ್ಲಿ. ಕೊಡೆ ಬಂದರೆ ಹಿಡಿ ಸವೆದ ರೀತಿ ನೋಡಿ, "ಇದು ಎಡಚರದ್ದು," ಎನ್ನುತ್ತಿದ್ದಳು. ಒಂಟಿ ಚಪ್ಪಲಿ ಬಂದರಂತೂ, ಆ ಪುಣ್ಯಾತ್ಮ ಇನ್ನೊಂದನ್ನೇ ಹಾಕಿಕೊಂಡು ಮನೆಗೆ ಹೇಗೆ ಹೋದನಪ್ಪಾ ಎಂದು ಇಡೀ ಮಧ್ಯಾಹ್ನ ತಲೆ ಕೆಡಿಸಿಕೊಳ್ಳುತ್ತಿದ್ದಳು.

ಇಂಥವಳ ಕೈಗೆ ಸಭೆಯವರು ತಿಂಗಳ ಸುದ್ದಿ ಹಾಳೆಯನ್ನು ಕೊಟ್ಟಿದ್ದರು. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು, ಯಾರ ಮಂಡಿಗೆ ಆಪರೇಷನ್ ಆಯಿತು, ಯಾರಿಗೆ ವರ್ಗವಾಯಿತು, ಎಲ್ಲ ಅವಳಿಗೆ ಮೊದಲು ಗೊತ್ತಾಗುತ್ತಿತ್ತು. ಪಾದ್ರಿಯವರಿಗೆ ಆಮೇಲೆ. ಸುದ್ದಿ ಹಾಳೆಯ ಜೊತೆಗೆ ಇನ್ನೊಂದು ಜವಾಬ್ದಾರಿಯೂ ಇತ್ತು, ಸದಸ್ಯರ ದೊಡ್ಡ ಪುಸ್ತಕ. ಆ ಸಭೆಯ ಪದ್ಧತಿ ಹೀಗೆ: ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆ, ಮೂರು ತಿಂಗಳಿಗೊಮ್ಮೆ. ಅದಕ್ಕೆ ಮುಂಚಿನ ವಾರ ಸಭಾಹಿರಿಯರು ತಂತಮ್ಮ ಬೀದಿಯ ಮನೆಮನೆಗೂ ಹೋಗಿ, ಪ್ರತಿಯೊಬ್ಬ ಸದಸ್ಯನ ಕೈಗೇ ಅವನ ನಂಬರಿನ ಕಾರ್ಡು ಕೊಡಬೇಕು. ಭಾನುವಾರ ಬೆಳಗಿನ ಆರಾಧನೆಗೋ ಸಂಜೆಯದಕ್ಕೋ ಬಂದು ಅವನು ಅದನ್ನು ಬಾಗಿಲ ಬಳಿಯ ಮರದ ಡಬ್ಬಿಗೆ ಹಾಕಿ ಒಳಗೆ ಹೋಗಬೇಕು. ಡಬ್ಬಿ ಬಿಚ್ಚಿ, ಬಂದ ಕಾರ್ಡುಗಳನ್ನು ನೋಡಿ ಪುಸ್ತಕದಲ್ಲಿ ಗುರುತು ಹಾಕುವುದು ಪಟ್ಟಿಯಕ್ಕನ ಕೆಲಸ. ಮೂರು ವರ್ಷ ಒಬ್ಬರ ಕಾರ್ಡು ಬರಲೇ ಇಲ್ಲವೆಂದರೆ, ಹಿರಿಯರು ವರ್ಷದ ಸಭೆಯಲ್ಲಿ ಕೂತು ಆ ಹೆಸರನ್ನು ಹೊಡೆದುಹಾಕುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅವಳ ಪುಸ್ತಕದಲ್ಲಿ ಒಂದು ಸುಳ್ಳು ಗುರುತೂ ಬಿದ್ದಿರಲಿಲ್ಲ. ಅದು ಅವಳ ಹೆಮ್ಮೆ. ಹೆಮ್ಮೆ ಪಡಬಾರದೆಂದು ಪಾದ್ರಿಯವರು ಎಷ್ಟು ಹೇಳಿದರೂ ಇದೊಂದನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ.

ಹೀಗಿರುವಾಗ ಒಂದು ದಿನ ಅಡುಗೆಮನೆಯ ಕಪಾಟಿನ ಬಾಗಿಲು ಸಡಿಲವಾಯಿತೆಂದು ಅವಳು ಬಡಗಿಯ ಅಂಗಡಿಗೆ ಹೋದಳು. ಬಡಗಿಯದು ನೂರ ಹದಿನೆಂಟನೇ ನಂಬರು. ನಾಲ್ಕು ವರ್ಷದ ಹಿಂದೆ ಸಭೆಗೆ ಎಂಟು ಹೊಸ ಬೆಂಚು ಮಾಡಿಕೊಟ್ಟಿದ್ದ. ವರ್ಷ ತುಂಬುವ ಮೊದಲೇ ಅವು ಬಿರುಕು ಬಿಟ್ಟವು. ಅವನ ಬೀದಿಗೆ ಕಾರ್ಡು ಕೊಡುವ ಹಿರಿಯರೇ ಎಲ್ಲರ ಮುಂದೆ ಎದ್ದು ನಿಂತು, "ಒಣಗಿದ ಮರ ಅಂತ ಸುಳ್ಳು ಹೇಳಿದ್ದೀಯ," ಎಂದುಬಿಟ್ಟರು. ಬಡಗಿ ಧಡಾರನೆ ಎದ್ದು ಹೋದ. ಅಂದಿನಿಂದ ಬೆಳಗಿನ ಆರಾಧನೆಯಲ್ಲಿ ಅವನ ಮುಖ ಕಂಡಿರಲಿಲ್ಲ. ಆದರೆ ಸಂಜೆಯ ಡಬ್ಬಿಯಲ್ಲಿ ಅವನ ಕಾರ್ಡು ತಪ್ಪದೆ ಬರುತ್ತಿತ್ತು. ಸಂಜೆ ಜನ ಕಡಿಮೆ, ಯಾರ ಕಣ್ಣಿಗೂ ಬೀಳದೆ ಬಂದು ಹೋಗುತ್ತಾನೆ ಎಂದು ಪಟ್ಟಿಯಕ್ಕ ಅಂದುಕೊಂಡಿದ್ದಳು.

"ಸಂಜೆ ಬರ್ತೀರಂತ ಕಾಣುತ್ತೆ ಮೇಸ್ತ್ರಿ, ಬೆಳಿಗ್ಗೆ ನಿಮ್ಮ ದರ್ಶನಾನೇ ಇಲ್ಲ," ಎಂದಳು ಮಾತಿಗೆ.

ಬಡಗಿ ಮರ ಹೆರೆಯುತ್ತಿದ್ದ ಉಜ್ಜುಗೊರಡು ನಿಲ್ಲಿಸಿದ. "ನಾನಾ? ಆ ಬಾಗಿಲೊಳಗೆ ಕಾಲಿಟ್ಟು ಮೂರೂವರೆ ವರ್ಷ ಆಯ್ತಕ್ಕಾ. ನಿಮಗೇ ಗೊತ್ತಿಲ್ದೆ ಇರೋ ಸುದ್ದೀನೂ ಇದ್ಯಾ?"

ಪಟ್ಟಿಯಕ್ಕನಿಗೆ ಕಪಾಟಿನ ಮಾತು ಮರೆತೇ ಹೋಯಿತು. ಮನೆಗೆ ಬಂದು ಪುಸ್ತಕ ತೆರೆದು ನೋಡಿದರೆ ನೂರ ಹದಿನೆಂಟರ ಸಾಲಿನಲ್ಲಿ, ಅವಳದೇ ಕೈಬರಹದಲ್ಲಿ, ಅವನು ಎದ್ದು ಹೋದ ಮೇಲಿನ ಹದಿನಾಲ್ಕು ಗುರುತುಗಳು ನೆಟ್ಟಗೆ ನಿಂತಿದ್ದವು. ಯಾರು ಹಾಕುತ್ತಿದ್ದಾರೆ? ಯಾಕೆ? ತಲೆಗೆ ಹುಳ ಬಿಟ್ಟ ಹಾಗಾಯಿತು. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು.

ಮೊದಲ ಅನುಮಾನ ಬಡಗಿಯ ಹೆಂಡತಿಯ ಮೇಲೆ. ಅವಳನ್ನು ನಲ್ಲಿಯ ಹತ್ತಿರ ಹಿಡಿದು, ಬೇರೇನೋ ಕೇಳುವವಳ ಹಾಗೆ ಕಾರ್ಡಿನ ಮಾತು ಎತ್ತಿದಳು.

"ನನ್ನ ಕೈಗೆ ಕೊಟ್ರೆ ತಾನೇ ಅಕ್ಕಾ? ಇವರ ಕೈಗೇ ಕೊಡಬೇಕು ಅನ್ನೋದು ಹಿರಿಯರ ಹಟ. ಅವರ ದನಿ ಕೇಳಿದ್ರೆ ಸಾಕು, ಇವರು ಹಿತ್ತಲಿಗೆ ಹೋಗಿಬಿಡ್ತಾರೆ. ಹಿರಿಯರು ಹತ್ತು ನಿಮಿಷ ನಿಂತಿದ್ದು, ಕಾರ್ಡು ಜೇಬಿಗೆ ಹಾಕ್ಕೊಂಡು ಹೋಗ್ತಾರೆ."

ಜೇಬಿಗೆ! ಆದರೆ ಪಟ್ಟಿಯಕ್ಕ ಅದನ್ನು ನಂಬಲಿಲ್ಲ. ಆ ಹಿರಿಯರು ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಊರಿನವರೆಲ್ಲ ಅವರನ್ನು ತಕ್ಕಡಿ ಹಿರಿಯರು ಎನ್ನುತ್ತಿದ್ದರು. ಸ್ವಂತ ಮಾವನ ಅಂಗಡಿಯ ತಕ್ಕಡಿಗೇ ಮುದ್ರೆ ಹಾಕಲು ಒಪ್ಪದ ಮನುಷ್ಯ. ಉಪದೇಶ ಎರಡು ನಿಮಿಷ ಹೆಚ್ಚಾದರೆ ಗಡಿಯಾರವನ್ನು ಪಾದ್ರಿಯವರ ಕಡೆ ತಿರುಗಿಸಿಡುತ್ತಿದ್ದರು. ಅವರು ಸುಳ್ಳು ಕಾರ್ಡು ಹಾಕುವುದೆಂದರೇನು?

ಮುಂದಿನ ಭೋಜನದ ಭಾನುವಾರ ಅವಳು ಬೆಳಗಿನ ಡಬ್ಬಿ ಬಿಚ್ಚಿ ಗುರುತು ಹಾಕಿದಳು. ತಕ್ಕಡಿ ಹಿರಿಯರ ಸ್ವಂತ ಕಾರ್ಡು ಅದರಲ್ಲೇ ಬಂದಿತ್ತು. ಸಂಜೆ ಮತ್ತೆ ಹೊರಟಳು. ಮಂಡಿ ನೋವು, ಬಾಗಿಲ ಹತ್ತಿರವೇ ಕೂರುತ್ತೇನೆ ಎಂದಾಗ ಗಂಡ, "ನಿನ್ನ ಮಂಡಿಗೆ ಕಣ್ಣೂ ಬಂದಿರೋ ಹಾಗಿದೆ," ಎಂದ.

ಮೊದಲ ಕೀರ್ತನೆ ಶುರುವಾಯಿತು. ಎಲ್ಲರೂ ಎದ್ದು ನಿಂತು ಪುಸ್ತಕದಲ್ಲಿ ಮುಖ ಹುದುಗಿಸಿದರು. ಆಗ ತಕ್ಕಡಿ ಹಿರಿಯರು ಬಾಗಿಲು ಮುಚ್ಚುವವರ ಹಾಗೆ ಹಿಂದೆ ಬಂದರು. ಅಂಗಿಯ ಜೇಬಿಗೆ ಕೈ ಹಾಕಿದರು. ಕಾರ್ಡನ್ನು ಡಬ್ಬಿಯ ಬಾಯಿಗಿಟ್ಟು ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದರು. ಆಮೇಲೆ ಬಿಟ್ಟರು. ತಿರುಗಿ ಹೋಗುವಾಗ ಅವರ ಮುಖ ಹಲ್ಲು ಕೀಳಿಸಿಕೊಂಡು ಬಂದವರ ಮುಖದಂತಿತ್ತು.

ಆರಾಧನೆ ಮುಗಿದ ಮೇಲೆ ಡಬ್ಬಿ ಬಿಚ್ಚಿದಳು. ನೂರ ಹದಿನೆಂಟು ಅದರಲ್ಲಿತ್ತು. ಮೊದಲು ಅವಳಿಗೆ ಸಿಟ್ಟು ಬಂತು. ತನ್ನ ಹತ್ತೊಂಬತ್ತು ವರ್ಷದ ಪುಸ್ತಕವನ್ನು ಊರಿಗೆಲ್ಲ ನೀತಿ ಹೇಳುವ ಮನುಷ್ಯನೇ ಕೆಡಿಸಿದನಲ್ಲ! ಮನೆ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದು ಬೇರೇನೋ ಬಂತು. ಆ ಹಿರಿಯರ ಮೇಲೆ ಇಷ್ಟೊಂದು ಅಕ್ಕರೆ ತನಗೆಲ್ಲಿತ್ತು ಎಂದು ಅವಳಿಗೇ ಆಶ್ಚರ್ಯವಾಯಿತು.

"ಬಿಟ್ಹಾಕು," ಎಂದ ಗಂಡ. "ಇದರಿಂದ ಯಾರಿಗೇನು ತೊಂದರೆ?"

"ಮುಂದಿನ ಭೋಜನ ಆದ ಮೇಲೆ ವರ್ಷದ ಸಭೆ ಇದೆ ರೀ. ಪುಸ್ತಕದಲ್ಲಿರೋದೆಲ್ಲ ನಿಜ ಅಂತ ನಾನು ಸಹಿ ಹಾಕಬೇಕು. ನಿಜ ಹೇಳಿದ್ರೆ ಮೇಸ್ತ್ರಿ ಹೆಸರು ಹೋಗುತ್ತೆ, ಹಿರಿಯರ ಮಾನ ಹೋಗುತ್ತೆ. ಸುಮ್ಮನಿದ್ರೆ ನಾನೂ ಸುಳ್ಳಿ ಆಗ್ತೀನಿ."

ಮೂರು ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕನೇ ದಿನ, ಪುಸ್ತಕದ ಜೊತೆ ಎತ್ತಿಟ್ಟಿದ್ದ ಹಳೆಯ ಕಾರ್ಡುಗಳಲ್ಲಿ ನೂರ ಹದಿನೆಂಟರ ಹದಿನೈದನ್ನೂ ಹುಡುಕಿ, ಅವಕ್ಕೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಬಡಗಿಯ ಅಂಗಡಿಗೆ ಹೋದಳು. ಕಂಡದ್ದನ್ನು ಕಂಡ ಹಾಗೇ ಹೇಳಿ, ಕಟ್ಟನ್ನು ಅವನ ಮುಂದಿಟ್ಟಳು.

"ಮುಂದಿನ ಭೋಜನಕ್ಕೆ ನೀವು ಒಂದೇ ಒಂದು ಬಾರಿ ಬಂದ್ರೆ ಸಾಕು ಮೇಸ್ತ್ರಿ. ಈ ಹದಿನೈದನ್ನೂ ಹೊಡೆದು ಹಾಕಿದ್ರೂ ನಿಮ್ಮ ಹೆಸರು ಉಳಿಯುತ್ತೆ, ಬಂದವರ ಹೆಸರು ತೆಗೆಯೋ ಹಾಗಿಲ್ಲ. ಬರ್ಲಿಲ್ಲ ಅಂದ್ರೆ ನಾನು ಎಲ್ಲಾ ಬಾಯಿ ಬಿಡಲೇಬೇಕಾಗುತ್ತೆ."

"ಬಿಡಿ. ನನಗೇನು?" ಎಂದ ಬಡಗಿ. ಆದರೆ ಕೈ ಮಾತ್ರ ಕಾರ್ಡುಗಳನ್ನು ಒಂದೊಂದಾಗಿ ತಿರುವುತ್ತಿತ್ತು. ಹದಿನೈದೂ ಮುಗಿದವು. ಅವನು ಮತ್ತೆ ಮೊದಲಿನಿಂದ ಶುರುಮಾಡಿದ.

"ಅಕ್ಕಾ," ಎಂದ ಕೊನೆಗೆ, ತಲೆ ಎತ್ತದೆ. "ಮರ ಹಸಿ ಇತ್ತು. ನನಗೆ ಗೊತ್ತಿತ್ತು. ಹೇಳಿದ ದಿನಕ್ಕೆ ಬೆಂಚು ಕೊಡಬೇಕಿತ್ತು, ಒಣಗಿದ್ದು ಸಿಗಲಿಲ್ಲ. ಆ ಮನುಷ್ಯ ಹೇಳಿದ್ದು ಸರಿ. ಅದಕ್ಕೇ ಅವನ ಮುಖ ನೋಡೋಕಾಗಲ್ಲ." ಕಾರ್ಡುಗಳಿಗೆ ಮತ್ತೆ ರಬ್ಬರ್ ಬ್ಯಾಂಡ್ ಹಾಕುತ್ತಾ ಕೇಳಿದ, "ಮುಂದಿನ ಕಾರ್ಡು ನೀವೇ ಕೊಡೋಕಾಗಲ್ವಾ?"

ಕೊಟ್ಟುಬಿಡೋಣ ಎಂದು ಅವಳ ಜೀವ ಎಳೆಯಿತು. "ಇಲ್ಲ ಮೇಸ್ತ್ರಿ," ಎಂದಳು. "ಹಿರಿಯರ ಕೈಯಿಂದಲೇ ತಗೋಬೇಕು."

ಅವನು ಮತ್ತೆ ಉಜ್ಜುಗೊರಡು ಕೈಗೆತ್ತಿಕೊಂಡ.

ಮೂರು ತಿಂಗಳು ಕಳೆಯಿತು. ಹಿರಿಯರು ಆ ಬೀದಿಗೆ ಬರುವುದು ಗುರುವಾರ ಐದು ಗಂಟೆಗೆ. ಪಟ್ಟಿಯಕ್ಕ ಡಿಪೋದಲ್ಲಿ ಅರ್ಧ ದಿನ ರಜೆ ಹಾಕಿ, ಸುದ್ದಿ ಹಾಳೆಗೆ ಏನೋ ಬರೆದುಕೊಳ್ಳಬೇಕೆಂಬ ನೆಪದಲ್ಲಿ ಅಂಗಡಿಗೆ ಅಂಟಿಕೊಂಡೇ ಇದ್ದ ಬಡಗಿಯ ಮನೆಯ ಒಳಕೋಣೆಯಲ್ಲಿ, ಬಾಗಿಲ ಸಂದಿಯಿಂದ ಅಂಗಡಿ ಕಾಣುವ ಹಾಗೆ ಕೂತಳು. ಅವನ ಹೆಂಡತಿಯ ಜೊತೆ ಒಣಗಿದ ಬಟ್ಟೆ ಮಡಿಸುತ್ತಿದ್ದರೂ ಕಿವಿಯೆಲ್ಲ ಹೊರಗೆ. ಐದಕ್ಕೆ ಸರಿಯಾಗಿ ಅಂಗಡಿಯ ಬಾಗಿಲಲ್ಲಿ ಕೆಮ್ಮು ಕೇಳಿಸಿತು.

"ಕರ್ತನ ಮೇಜಿಗೆ ನಿನ್ನನ್ನ ಕರೆಯೋಕೆ ಬಂದಿದ್ದೀನಿ," ಎಂದರು ಹಿರಿಯರು. ಹದಿನೈದು ಸಲ ಹೇಳಿದ್ದ ಅದೇ ಮಾತು.

ಬಡಗಿ ಹಿತ್ತಲ ಕಡೆ ನೋಡಿದ. ಹೆಂಡತಿಯ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಆಮೇಲೆ ಅವನು ಕೈಗೆ ಅಂಟಿದ್ದ ಮರದ ಹೊಟ್ಟನ್ನು ಪಂಚೆಗೆ ಒರೆಸಿಕೊಂಡು, ಬಾಗಿಲಿಗೆ ಹೋಗಿ, ಕಾರ್ಡು ತಗೊಂಡ.

ಹಿರಿಯರ ಕೈ ಚಾಚಿದ್ದಲ್ಲೇ ಉಳಿಯಿತು. ಖಾಲಿ ಕೈಯನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯದ ಹಾಗಿತ್ತು.

"ಮರ ಹಸಿ ಇತ್ತು," ಎಂದ ಬಡಗಿ.

"ಗೊತ್ತು."

"ಗೊತ್ತಿದ್ದೂ ಹದಿನೈದು ಸಲ ನನ್ನ ಕಾರ್ಡು ಹಾಕಿದ್ರಾ?"

ಹಿರಿಯರು ಖಾಲಿ ಕೈಯನ್ನು ಜೇಬಿಗೆ ಹಾಕಿಕೊಂಡರು. "ನಿನ್ನ ಮಾತು ಸುಳ್ಳು ಅಂದಿದ್ದೆ ಕಣಪ್ಪಾ. ನಿನ್ನ ಹೆಸರು ತೆಗೀರಿ ಅಂತ ಯಾವತ್ತೂ ಅಂದಿರಲಿಲ್ಲ."

ನಿಜವಾಗಿ ಕೇಳಬೇಕಾದ ಸುದ್ದಿ ಇನ್ನು ಮುಂದೆಯೇ ಇತ್ತು. ಆದರೂ ಪಟ್ಟಿಯಕ್ಕ ಕೈಲಿದ್ದ ಅಂಗಿಯನ್ನು ಮಡಿಸಿಟ್ಟು, ಮೆಲ್ಲಗೆ ಎದ್ದು, ಹಿತ್ತಲ ಬಾಗಿಲಿಂದ ಮನೆಗೆ ಹೋದಳು.

"ಆಮೇಲೆ? ಏನು ಮಾತಾಡಿಕೊಂಡ್ರು?" ಎಂದು ಗಂಡ ಕೇಳಿದ.

"ಗೊತ್ತಿಲ್ಲ ರೀ. ಕೇಳಿಸ್ಕೊಳ್ಳದೆ ಬಂದುಬಿಟ್ಟೆ."

ಗಂಡ ಗಾಬರಿಯಿಂದ ಅವಳ ಹಣೆ ಮುಟ್ಟಿ ನೋಡಿದ. ಅವಳು ಅವನ ಕೈ ಸರಿಸಿ, ದೊಡ್ಡ ಪುಸ್ತಕ ತೆರೆದು, ನೂರ ಹದಿನೆಂಟರ ಸಾಲಿನ ಹದಿನೈದು ಗುರುತುಗಳನ್ನೂ ಕೆಂಪು ಪೆನ್ನಿನಲ್ಲಿ ಒಂದೊಂದಾಗಿ ಹೊಡೆದುಹಾಕತೊಡಗಿದಳು.

"ಅಲ್ಲ ಕಣೇ, ಇವತ್ತಿನ್ನೂ ಗುರುವಾರ. ಅವನು ಭಾನುವಾರ ಬರದೇ ಹೋದ್ರೆ?"

"ಬರ್ತಾರೆ," ಎಂದಳು, ತಲೆ ಎತ್ತದೆ.