ಹಿಂಗಲಾಜಿಗೆ ಹೊರಟ ಖಣ

ಔರಾದದಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ಚೀಲದಲ್ಲಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಅತ್ತೆ ಕೊಟ್ಟ ಹಸಿರು ಖಣ, ದೇವಿಗೆ ಏರಿಸುವ ರವಿಕೆ ಬಟ್ಟೆ. ನಾವು ಭಾವಸಾರರು; ಬಟ್ಟೆಗೆ ಬಣ್ಣ ಹಾಕಿ, ಹೊಲಿದು ಬದುಕಿದವರು. ನಮ್ಮ ಕುಲದೇವಿ ಹಿಂಗಲಾಜ ಮಾತೆಯ ಮೂಲಸ್ಥಾನ ಗಡಿಯಾಚೆ, ಪಾಕಿಸ್ತಾನದ ಕಡಲದಂಡೆಯ ಗುಡ್ಡಗಳಲ್ಲಿದೆ. ನಾನು ಕಡಲನ್ನೇ ಕಂಡವಳಲ್ಲ. ಅತ್ತೆಯವರದು ಮದುವೆಯಾದಾಗಿನಿಂದ ಒಂದೇ ಆಸೆ: ಅಲ್ಲಿಗೆ ಹೋಗಿ ತಾಯಿಯ ಉಡಿ ತುಂಬಬೇಕು. ಈಗ ಮೊಣಕಾಲು ಏಳುವುದಿಲ್ಲ.

"ಬೀದರದಾಗಿನ ತಾಯಿ ಗುಡಿಯಾಗರ ಏರಿಸಿ ಬಾ. ಖಣಕ್ಕ ಒಂದು ಮಡಿಕಿನೂ ಬೀಳಬಾರದು ನೋಡು," ಎಂದಿದ್ದರು.

ಆಧಾರ್ ತೋರಿಸಿದೆ; ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. "ಫುಕಟ್ ಅಂತ ಕಾಶಿಗೂ ಹೊಂಟೀರೇನ್ರಿ ಅಕ್ಕಾ?"

"ಕಾಶಿ ಬ್ಯಾಡಪ್ಪ, ಹಿಂಗಲಾಜಿಗಿ ಕೊಡು."

"ಅದು ನಮ್ಮ ಡಿಪೋಕ್ಕ ಬರಲ್ಲರಿ!"

ಕಿಟಕಿ ಸೀಟು ಸಿಕ್ಕಿತು. ಅದೂ ತಾಯಿಯ ದಯೆ.

ಭಾಲ್ಕಿಯಲ್ಲಿ ಇಳಿದು ನಾದಿನಿಯ ಮನೆಗೆ ಹೋದೆ. ಅವಳ ಮಗಳು ಸವಿತಾ ಶಾಲೆಯಲ್ಲಿ ಭೂಗೋಳ ಕಲಿಸುತ್ತಾಳೆ. ಚಹಾ ಕುಡಿಯುತ್ತ ಕೇಳಿದೆ: "ತಾಯಿ ಅಷ್ಟು ದೂರ ಗುಡ್ಡದಾಗ ಯಾಕ ಕುಂತಾಳ?"

ಅವಳು ಖಣ ತೆಗೆದು ಮಂಚದ ಮೇಲೆ ಹಾಸಿ, ಒಂದು ಅಂಗೈ ಊರಿ, ಇನ್ನೊಂದರಿಂದ ದೂಡಿದಳು. ಬಟ್ಟೆ ಸಾಲುಸಾಲಾಗಿ ಮೇಲೆದ್ದಿತು.

"ನೋಡ್ರಿ ಮಾಮಿ, ಅಲ್ಲಿ ಸಮುದ್ರದ ತಳದ ಕಲ್ಲಿನ ಹಾಸು ದಂಡಿ ನೆಲದ ಬುಡಕ ತೂರ್ತದ. ಮ್ಯಾಲಿನ ಕೆಸರು ತೂರಲ್ಲ. ರೊಟ್ಟಿ ನಾದೋ ಪರಾತಿನಾಗ ಹಿಟ್ಟು ಬಳದಂಗ ಒತ್ತರಿಸಿ ಬರ್ತದ, ಮಡಚ್ತದ, ಸೀಳಿ ಒಂದರ ಮ್ಯಾಲ ಒಂದು ಏರ್ತದ. ಅದೇ ತಾಯಿ ಗುಡ್ಡ. ಇನ್ನಾ ಏಳಲಿಕ್ಕತ್ತದ."

"ಅಯ್ಯ, ಖಣ ಹಾಳಾತಲ್ಲೇ!"

"ಇಸ್ತ್ರಿ ಮಾಡಿ ಕೊಡ್ತೀನಿ ತಡೀರಿ. ಮತ್ತ ನಮ್ಮ ನೆಲಾನೂ ಸುಮ್ನ ಕುಂತಿಲ್ಲ. ಔರಾದ, ಭಾಲ್ಕಿ ಎಲ್ಲಾ ಬಡಗಣಕ್ಕ ಹೊಂಟಾವ, ವರ್ಷಕ್ಕ ಉಗುರು ಬೆಳದಷ್ಟು. ತಾಯಿಗಿ ತುಸು ತುಸು ಹತ್ರ."

ನಾನು ಇಸ್ತ್ರಿ ಬೇಡವೆಂದೆ.

ಮಧ್ಯಾಹ್ನ ಬೀದರದ ಗುಡಿಯಲ್ಲಿ ಆ ಮಡಿಕೆಗಳೊಂದಿಗೇ ಖಣ ಏರಿಸಿದೆ. ಪೂಜಾರಿ ಸವರಿ ಸರಿಮಾಡಲು ಹೋದರೆ ತಡೆದೆ. ಆದರೆ ಅತ್ತೆಗೆ ಏನು ಹೇಳುವುದೆಂಬ ಅಳುಕು ಔರಾದದವರೆಗೂ ನನ್ನ ಪಕ್ಕದಲ್ಲೇ ಕೂತು ಬಂತು.

ಚಪ್ಪಲಿ ಬಿಡುವ ಮೊದಲೇ ಅತ್ತೆ ಮಂಚದ ಮೇಲಿಂದ ಕೇಳಿದರು: "ಮಡಿಕಿ ಬಿತ್ತೇನು?"

"ಬಿತ್ತರಿ," ಎಂದು ಸವಿತಾ ತೋರಿಸಿದ್ದು, ಹೇಳಿದ್ದು ಎಲ್ಲ ಹೇಳಿದೆ. ಅತ್ತೆ ಹಾಸಿಗೆಯ ಬಟ್ಟೆಯನ್ನು ಅಂಗೈಯಿಂದ ಒಮ್ಮೆ ದೂಡಿ ನೋಡಿದರು.

"ಹಂಗಾರ ತಾಯಿ ಕಡಿ ನಾವೂ ಹೊಂಟೇವು?"

"ಹೊಂಟೇವ್ರಿ. ಈ ಮಂಚಾನೂ."

ಅತ್ತೆ ಎದ್ದು ಕುಳಿತರು. ಸೆರಗು ಸರಿಮಾಡಿಕೊಂಡು, ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕವರ ಹಾಗೆ ಬಡಗಣಕ್ಕೆ ಮುಖ ಮಾಡಿದರು.