‘ಸೂಚನೆಗಳು ಅಸ್ಪಷ್ಟ’ ಎಂದು ಬರೆದವಳು ನಾನು

ವಿಮಲಕ್ಕನ ಚೌಕಾಬಾರದ ಕಂಪ್ಯೂಟರ್ ಆಟ ಕೆಟ್ಟಿತ್ತು, ಅದಕ್ಕೇ ಅದು ಮೂಲೆ ಸೇರಿತು — ಮುಂಬಯಿಯ ನಮ್ಮ ಕನ್ನಡ ಸಂಘದವರು ಇವತ್ತಿಗೂ ಹೇಳುವುದು ಇದನ್ನೇ. ಜೊತೆಗೆ ಇನ್ನೊಂದು ಮಾತು ಸೇರಿಸುತ್ತಾರೆ: ಅದರ ವಿಮರ್ಶೆ ಬರೆದ ಹುಡುಗಿ ಧೈರ್ಯವಂತೆ, ಮುಖ ನೋಡಿ ಮಣೆ ಹಾಕಲಿಲ್ಲ. ಎರಡೂ ಸುಳ್ಳು. ಆಟ ಕೆಟ್ಟಿರಲಿಲ್ಲ. ಹುಡುಗಿಗೆ ಧೈರ್ಯವೂ ಇರಲಿಲ್ಲ. ಆ ಹುಡುಗಿ ನಾನು. ಆಡುವುದನ್ನು ಕಲಿಯದೆಯೇ ಆಟ ಕೆಟ್ಟಿದೆ ಎಂದು ಬರೆದೆ. ಬರೆದದ್ದು ತಪ್ಪೆಂದು ಗೊತ್ತಾದ ಮೇಲೆ, ತುಂಬಿದ ಸಭೆಯಲ್ಲಿ, ಅದೇ ಸರಿಯೆಂದು ವಾದಿಸಿ ಗೆದ್ದೆ.

ಮೊದಲನೆಯದು ಅವಸರ ಎನ್ನಬಹುದು. ಎರಡನೆಯದಕ್ಕೆ — ಹೆಸರು ಹುಡುಕುತ್ತಾ ಆರು ವರ್ಷವಾಯಿತು.

ಆಗ ನನಗೆ ಹತ್ತೊಂಬತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ತಂದವಳು. ಮನೆ ಬೊರಿವಲಿಯಲ್ಲಿ, ಅಪ್ಪ ಅಮ್ಮ ಮೈಸೂರಿನವರು, ನಾನು ಹುಟ್ಟಿದ್ದು ಇಲ್ಲೇ. ದುಬೈಯಿಂದ ಮಾವ ತಂದುಕೊಟ್ಟ ಪುಟ್ಟ ಕಂಪ್ಯೂಟರೊಂದು ಮನೆಯಲ್ಲಿತ್ತು. ಅದನ್ನು ಟಿವಿಗೆ ಸಿಕ್ಕಿಸಿ, ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿದರೆ ನಾಲ್ಕೈದು ನಿಮಿಷ ಕಿರ್ರೆಂದು ಕಿರುಚಿ, ಆಮೇಲೆ ಆಟ ಬರುತ್ತಿತ್ತು. ಒಮ್ಮೊಮ್ಮೆ ಬರುತ್ತಲೂ ಇರಲಿಲ್ಲ. ಸಂಘದ ಮಾಸಪತ್ರಿಕೆಯನ್ನು ನೋಡಿಕೊಳ್ಳುತ್ತಿದ್ದವರು ಜಯಕರಣ್ಣ, ಉಡುಪಿ ಕಡೆಯವರು, ಹೋಟೆಲು ನಡೆಸುತ್ತಿದ್ದರು. “ಮಕ್ಕಳು ಓದುವಂಥದ್ದು ಎಂಥದಾದರೂ ಬರಿ ಮಾರಾಯ್ತಿ, ಪೂರಾ ಪತ್ರಿಕೆಯಲ್ಲಿ ಶ್ರದ್ಧಾಂಜಲಿಯೇ ಉಂಟು” ಎಂದರು. ನಾನು ಆಟಗಳ ವಿಮರ್ಶೆ ಬರೆಯತೊಡಗಿದೆ.

ಬಯ್ಯಲಿಕ್ಕೆ ಬೇಕಾದಷ್ಟಿತ್ತು. ಹೊರಗೆ ಚೆಂದದ ಚಿತ್ರ, ಒಳಗೆ ನಾಲ್ಕು ಚೌಕ. ಒಂದು ಕಾರಿನ ಆಟದಲ್ಲಿ ಕಾರು ನಿಂತಲ್ಲೇ ನಿಂತಿರುತ್ತಿತ್ತು, ಮರಗಳು ಓಡುತ್ತಿದ್ದವು. ಒಂದು ಕ್ರಿಕೆಟ್ ಆಟದಲ್ಲಿ ಸುಮ್ಮನೆ ಒಂದೇ ಗುಂಡಿ ಒತ್ತುತ್ತಿದ್ದರೆ ಸಾಕು, ಔಟೇ ಆಗುತ್ತಿರಲಿಲ್ಲ. ನಾನು ಆ ಗುಂಡಿಯ ಮೇಲೆ ಲಟ್ಟಣಿಗೆ ಒರಗಿಸಿ ಊಟಕ್ಕೆ ಹೋಗಿ ಬಂದೆ, ಸ್ಕೋರು ಏರುತ್ತಲೇ ಇತ್ತು. ಅದನ್ನು ಹಾಗೆಯೇ ಬರೆದೆ. ಜನ ನಕ್ಕರು. ಅವು ನಿಜಕ್ಕೂ ಸಪ್ಪೆ ಆಟಗಳೇ — ಆ ವಿಮರ್ಶೆಗಳ ಬಗ್ಗೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ಆದರೆ ನಕ್ಕ ಸದ್ದು ಕೇಳಿದವಳಿಗೆ ಮುಂದಿನ ತಿಂಗಳು ಮತ್ತೆ ನಗಿಸಬೇಕು ಅನ್ನಿಸುತ್ತದೆ. ಅಲ್ಲಿಂದ ಮುಂದೆ —

ವಿಮಲಕ್ಕ ಒಂದು ಆಫೀಸಿನಲ್ಲಿ ಡೇಟಾ ಎಂಟ್ರಿ ಮಾಡುತ್ತಿದ್ದರು. ನನಗಿಂತ ಹನ್ನೆರಡು ವರ್ಷ ದೊಡ್ಡವರು, ಅವರೂ ಮೈಸೂರಿನವರೇ. ದಾದರಿನಲ್ಲಿ ಕಾಮತ್ ಸರ್ ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಭಾನುವಾರ ಯಂತ್ರಗಳು ಖಾಲಿ ಇರುವ ಹೊತ್ತಿಗೆ ಹೋಗಿ ಕೂತು, ತಾವೇ ಕಲಿತು, ಚೌಕಾಬಾರವನ್ನು ಕಂಪ್ಯೂಟರಿಗೆ ತಂದರು. ಪರದೆಯ ಮೇಲೆ ಕನ್ನಡ ಅಕ್ಷರ! ಒಂದೊಂದನ್ನೂ ಗ್ರಾಫ್ ಕಾಗದದಲ್ಲಿ ಚುಕ್ಕಿ ಎಣಿಸಿ ಬರೆದುಕೊಂಡಿದ್ದರಂತೆ. ಪತ್ರಿಕೆಯಲ್ಲಿ ಒಳ್ಳೆಯ ಮಾತು ಬಂದರೆ ಆ ಕ್ಯಾಸೆಟ್ಟಿನ ಪ್ರತಿಗಳನ್ನು ತೆಗೆಸುತ್ತೇನೆ, ಸಂಜೆಯ ಬ್ಯಾಚಿಗೆ ನೀವೇ ಪಾಠ ಮಾಡಿ ಎಂದು ಕಾಮತ್ ಸರ್ ಹೇಳಿದ್ದರು. ದಿನವಿಡೀ ಬೇರೆಯವರ ಅಂಕಿ ಒತ್ತುವ ಕೆಲಸದಿಂದ ಹೊರಬರಲು ಅವರಿಗಿದ್ದ ಬಾಗಿಲು ಅದೊಂದೇ. ನನಗಿದು ಗೊತ್ತಿತ್ತು. ಕ್ಯಾಸೆಟ್ ಕೊಡುವಾಗ ಜಯಕರಣ್ಣನೇ ಹೇಳಿದ್ದರು.

ಕ್ಯಾಸೆಟ್ಟಿನ ಜೊತೆ ನಾಲ್ಕು ಹಾಳೆ ಸೂಚನೆಗಳಿದ್ದವು, ವಿಮಲಕ್ಕನ ಕೈಬರಹದಲ್ಲಿ. ನಾನು ಅವನ್ನು ಓದಲಿಲ್ಲ. ಆಗ ನನಗೆ ಕನ್ನಡ ಓದುವುದೆಂದರೆ ಅಕ್ಷರ ಕೂಡಿಸಿಕೊಂಡು ಹೋಗುವ ಕೆಲಸ. ನನ್ನ ವಿಮರ್ಶೆಗಳನ್ನೂ ನಾನು ಹೇಳುತ್ತಿದ್ದೆ, ಜಯಕರಣ್ಣ ತಿದ್ದಿ ಬರೆದುಕೊಳ್ಳುತ್ತಿದ್ದರು. ಆದರೆ ಅದು ಕಾರಣವಲ್ಲ. ಓದಬಹುದಿತ್ತು, ಸೋಮಾರಿತನ. ಇಪ್ಪತ್ತು ನಿಮಿಷ ಆಡಿದೆ. ಕೆಲವು ಮನೆಗಳಲ್ಲಿ ಕಟ್ಟೆಯ ಗುರುತು ಇತ್ತು, ಅಲ್ಲಿ ನಿಂತರೆ ಕಾಯಿ ಕ್ಷೇಮ ಎಂದಷ್ಟು ಹೊಳೆಯಿತು. ಕಟ್ಟೆಯಿಂದ ಕಟ್ಟೆಗೆ ಜೋಪಾನವಾಗಿ ನಡೆಸಿದೆ. ಆದರೂ ಕಂಪ್ಯೂಟರ್ ನನ್ನದೊಂದು ಕಾಯಿ ಹೊಡೆದು ಒಳಗೆ ಹೋಯಿತು; ನನ್ನ ಕಾಯಿಗಳು ಹೊರಸುತ್ತಿನಲ್ಲೇ ಗಾಣದೆತ್ತಿನಂತೆ ತಿರುಗಿದವು. ಟಿವಿ ಆಫ್ ಮಾಡಿ, ಜಯಕರಣ್ಣನಿಗೆ ಹೇಳಿ ಬರೆಸಿದೆ:

“ಎರಡು ದೋಷ. ಒಂದು, ಆಡುವವರ ಕಾಯಿ ಎಷ್ಟು ಸುತ್ತು ಬಂದರೂ ಒಳಗೆ ಹೋಗುವುದಿಲ್ಲ. ಎರಡು, ಕಂಪ್ಯೂಟರಿನ ಕಾಯಿ ನಡುಮನೆ ಮುಟ್ಟಿದೊಡನೆ ಮಾಯವಾಗಿ ‘ಕಾಯಿ ಹಣ್ಣಾಯಿತು’ ಎಂಬ ವಾಕ್ಯ ಬರುತ್ತದೆ. ಈ ಕ್ಯಾಸೆಟ್ಟನ್ನು ಕಳಿಸಬೇಕಾದದ್ದು ನಮಗಲ್ಲ, ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿಗೆ. ಸೂಚನೆಗಳು ಅಸ್ಪಷ್ಟ.”

ಓದದ ಸೂಚನೆಗಳು ಅಸ್ಪಷ್ಟ!

ಪತ್ರಿಕೆ ಬಂದ ದಿನ ಅಮ್ಮ ಹುರುಳಿಕಾಯಿ ಸೋಸುತ್ತಾ ಓದಿದಳು. ಓದಿ ಜೋರಾಗಿ ನಕ್ಕಳು. ನನ್ನ ತಮಾಷೆಗೆ ನಕ್ಕಳೆಂದು ನಾನು ಹಿಗ್ಗಿದೆ.

“ಅಯ್ಯೋ ಪೆದ್ದಿ, ಎದುರಾಳಿದು ಒಂದು ಕಾಯನ್ನಾದ್ರೂ ಹೊಡೀದೆ ಒಳಗೆ ಹೆಂಗೇ ಬಿಡ್ತಾರೆ? ಹೊಡೆದವರಿಗೇ ಒಳಸುತ್ತು.”

“ಮತ್ತೆ ಆ ಹಣ್ಣು?”

“ನಡುಮನೆಗೆ ಹೋದ ಕಾಯಿ ಹಣ್ಣಾಯ್ತು ಅಂತಾರೆ ಕಣೆ. ಅದರ ಆಟ ಮುಗೀತು, ಎತ್ತಿಡ್ತಾರೆ. ನಮ್ಮನೇಲಿ ನೆಲದ ಮೇಲೇ ಗೀಚಿರಲಿಲ್ವಾ, ನಾವು ನಾಲ್ಕು ಜನ ಅಕ್ಕತಂಗೀರು ಇದಕ್ಕೆ ಜುಟ್ಟು ಹಿಡಿದು ಜಗಳ ಆಡ್ತಿದ್ವಿ.” ಆಮೇಲೆ ನಗು ನಿಲ್ಲಿಸಿದಳು. “ವಿಮಲಂಗೆ ಬೇಜಾರಾಗಿರತ್ತೆ. ಹೋಗಿ ತಪ್ಪಾಯ್ತು ಅನ್ನು. ಮುಗೀತು.”

ಆಯ್ತಮ್ಮ ಎಂದೆ. ಎರಡು ದಿನ ಬಿಟ್ಟು ಹೇಳಿದೆಯಾ ಎಂದು ಕೇಳಿದಳು. ಹೇಳಿದೆ ಎಂದೆ. ಹೇಳಿರಲಿಲ್ಲ. ಅಷ್ಟರಲ್ಲಿ ಸಂಘದಲ್ಲಿ ಎಲ್ಲರ ಬಾಯಲ್ಲೂ ತರಕಾರಿ ಮಾರ್ಕೆಟ್ಟಿನ ಮಾತೇ. ಕ್ಯಾಂಟೀನಿನಲ್ಲಿ ಯಾರೋ ಬಾಳೆಹಣ್ಣು ಎತ್ತಿ ಹಿಡಿದು, “ನೋಡಿ, ಕಾಯಿ ಹಣ್ಣಾಯಿತು” ಎಂದದ್ದಕ್ಕೆ ನಾನೂ ನಕ್ಕಿದ್ದೆ.

ಇನ್ನು ಓದುಗರ ಕಡೆ ನೋಡಿ ಹೇಳಲಾರೆ. ವಿಮಲಕ್ಕ, ಇಲ್ಲಿಂದ ಮುಂದಿನದು ನಿಮಗೆ.

ಆ ಭಾನುವಾರ ಸಂಘದ ತಿಂಗಳ ಸಭೆಯಲ್ಲಿ ನೀವು ಎದ್ದು ನಿಂತಿರಿ. ಕೈಯಲ್ಲಿ ಪತ್ರಿಕೆ ಇತ್ತು. ಮೊದಲ ಸಾಲಿನಲ್ಲಿ ಕಾಮತ್ ಸರ್. ನೀವು ಸಿಟ್ಟು ಮಾಡಲಿಲ್ಲ, ನಿಯಮ ವಿವರಿಸಲಿಕ್ಕೂ ಹೋಗಲಿಲ್ಲ. ಒಂದೇ ಪ್ರಶ್ನೆ ಕೇಳಿದಿರಿ.

“ನಳಿನಿ, ಸೂಚನೆ ಓದಿದ್ಯಾ?”

ಹೌದು, ಅಥವಾ ಇಲ್ಲ. ಒಂದು ಪದ ಸಾಕಿತ್ತು. ಇಲ್ಲ ಎಂದಿದ್ದರೆ — ನನಗೆ ಒಂದು ಸಂಜೆಯ ಅವಮಾನ, ಅಷ್ಟೇ. ಆದರೆ ಚರ್ಚೆಯಲ್ಲಿ ನಮಗೆ ಕಲಿಸಿದ್ದ ಮೊದಲ ಪಾಠವೇ ಅದು: ನೇರ ಪ್ರಶ್ನೆಗೆ ಉತ್ತರ ಕೊಡಬಾರದು, ಅದನ್ನು ತಿರುಗಿಸಿ ಕೇಳಿದವರ ಕೈಗೇ ಕೊಡಬೇಕು.

“ಆಟ ಆಡೋಕೂ ಪರೀಕ್ಷೆ ಥರ ಓದ್ಕೊಂಡು ಬರಬೇಕಾ, ವಿಮಲಕ್ಕ?”

ಸಭೆ ಗೊಳ್ಳೆಂದಿತು. “ಸಿಕ್ಸರ್!” ಎಂದು ಹಿಂದಿನಿಂದ ಯಾರೋ ಕೂಗಿದರು. ಜಯಕರಣ್ಣ ಮೇಜು ಕುಟ್ಟಿ, “ಇವಳ ಬಾಯಿಗೆ ಸಿಕ್ಕಿದವ ಉಳಿಯುವುದುಂಟಾ!” ಎಂದರು. ಅವರ ತಪ್ಪಲ್ಲ. ಕರಾವಳಿಯವರೇ ತುಂಬಿದ್ದ ಸಭೆ, ಅವರ ಊರಿನ ಆಟ ಚೆನ್ನೆಮಣೆ; ನಿಮ್ಮ ನಿಯಮ ಅವರಿಗೆ ತಿಳಿಯದು. ತಿಳಿದವರು ಮನೆಗಳಲ್ಲಿ, ಅಡುಗೆ ಒಲೆಗಳ ಮುಂದೆ ಇದ್ದರು. ಸಭೆಯಲ್ಲಿ ತಿಳಿದವರು ಇಬ್ಬರೇ — ನೀವು, ನಾನು. ನೀವು ಬಾಯಿ ತೆರೆದಿರಿ, ನಗು ನಿಲ್ಲಲಿಲ್ಲ, ಕೂತುಬಿಟ್ಟಿರಿ. ಕಾಮತ್ ಸರ್ ಕೂಡ ನಗುತ್ತಿದ್ದರು.

ನನ್ನ ಪರ ನಾನೇ ವಾದಿಸಬಲ್ಲೆ. ವಾದಿಸಿಯೂ ನೋಡಿದ್ದೇನೆ. ನಿಮ್ಮ ಆಟವೇನು ಅದ್ಭುತವಾಗಿರಲಿಲ್ಲ. ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಕವಡೆ ಬೀಳುವ ಸದ್ದು ಕುಕ್ಕರಿನ ಸೀಟಿಯ ಹಾಗಿತ್ತು. ಕಂಪ್ಯೂಟರ್ ತನ್ನ ಸರದಿ ಬಂದಾಗ ಯೋಚಿಸುತ್ತಾ ಕೂತರೆ ಒಂದು ಲೋಟ ನೀರು ಕುಡಿದು ಬರಬಹುದಿತ್ತು. ಪ್ರಾಮಾಣಿಕವಾಗಿ ಬರೆದಿದ್ದರೂ ‘ಸಾಧಾರಣ’ ಎಂದೇ ಬರೆಯುತ್ತಿದ್ದೆನೇನೋ. ಕಾಮತ್ ಸರ್‌ಗೆ ಅದು ಸಾಲದೆ ಹೋಗುತ್ತಿತ್ತೇನೋ. ವಾದ ಗಟ್ಟಿಯಾಗಿಯೇ ಇದೆ. ಆದರೆ ಸಾಧಾರಣ ಎನ್ನುವುದು ಅಭಿಪ್ರಾಯ. ಅದಕ್ಕೆ ನೀವು ಉತ್ತರ ಕೊಡಬಹುದಿತ್ತು, ಬಣ್ಣ ಬದಲಿಸಬಹುದಿತ್ತು. ಕೆಟ್ಟಿದೆ ಎನ್ನುವುದು ಆರೋಪ. ಕೆಡದೇ ಇರುವುದನ್ನು ಯಾರು ತಾನೇ ರಿಪೇರಿ ಮಾಡಿಯಾರು?

ಸಂಜೆಯ ಬ್ಯಾಚು ಬೇರೆಯವರ ಪಾಲಾಯಿತು. ನೀವು ಆ ಕ್ಲಾಸಿಗೆ ಹೋಗುವುದನ್ನೇ ಬಿಟ್ಟಿರಿ ಎಂದು ಜಯಕರಣ್ಣ ಹೇಳಿದರು, ಆಟ ಬರೆಯುವುದನ್ನೂ. ಈಗಲೂ ಅದೇ ಆಫೀಸಿನಲ್ಲಿ ಅಂಕಿ ಒತ್ತುತ್ತಿದ್ದೀರಂತೆ.

ಹೋದ ತಿಂಗಳು ಜಯಕರಣ್ಣನದೇ ಫೋನು. ಸಂಘದ ಸ್ಮರಣ ಸಂಚಿಕೆಗೆ ‘ನಗಿಸಿದ ಬರಹಗಳು’ ಎಂಬ ವಿಭಾಗವಂತೆ. “ನಿನ್ನ ಆ ತರಕಾರಿ ಮಾರ್ಕೆಟ್ಟಿನದ್ದು ಇಲ್ಲದಿದ್ದರೆ ಆಗುವುದೇ ಇಲ್ಲ ಮಾರಾಯ್ತಿ” ಎಂದರು. ಅದರ ಬದಲು ಇದನ್ನು ಕಳಿಸುತ್ತಿದ್ದೇನೆ. ಯಾರೂ ತಿದ್ದಬಾರದೆಂದು ನಾನೇ ಕನ್ನಡದಲ್ಲಿ ಬರೆದಿದ್ದೇನೆ. ಹಾಕದಿದ್ದರೆ ಪ್ರತಿ ಮಾಡಿಸಿ ಸಂಘದ ಹಲಗೆಗೆ ಅಂಟಿಸುತ್ತೇನೆ. ಕಾಮತ್ ಸರ್‌ಗೂ ಒಂದು ಪ್ರತಿ ನಾನೇ ಹೋಗಿ ಕೊಡುತ್ತೇನೆ. ಇದರಿಂದ ಆರು ವರ್ಷ ವಾಪಸು ಬರುವುದಿಲ್ಲ. ಆಟ ಕೆಟ್ಟಿತ್ತು ಎಂದು ಇನ್ನು ಯಾರೂ ಹೇಳದಿದ್ದರೆ ಅಷ್ಟೇ.

ಇನ್ನೊಂದು ಉಳಿದಿದೆ. ಅದನ್ನು ನಾನು ಯಾರಿಗೂ ಹೇಳಿಲ್ಲ.

ಆ ದಿನ ಸಭೆ ಮುಗಿಸಿ ದಾದರಿನಲ್ಲಿ ಲೋಕಲ್ ಹತ್ತಿದಾಗ ಲೇಡೀಸ್ ಡಬ್ಬಿಯಲ್ಲಿ ನೀವೂ ಇದ್ದಿರಿ. ನನಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ, ಅಷ್ಟು ಜನ. ನೀವೇ ಸರಿದು ಕೂರಲು ಜಾಗ ಮಾಡಿಕೊಟ್ಟಿರಿ. ಮಲಾಡ್ ಬರುವ ಹೊತ್ತಿಗೆ ಇಳಿಯಲು ಎದ್ದವರು, ಮೇಲಿನ ಹಿಡಿಕೆ ಹಿಡಿದುಕೊಂಡು, ಕಿಟಕಿಯ ಕಡೆ ನೋಡುತ್ತಾ ಕೇಳಿದಿರಿ:

“ನಿಮ್ಮಮ್ಮ ಮೈಸೂರಿನವರಲ್ವಾ? ಅವರಿಗೆ ಚೌಕಾಬಾರ ಬರತ್ತಾ?”

“ಇಲ್ಲ” ಎಂದೆ.

ನೀವು ತಲೆಯಾಡಿಸಿದಿರಿ. ಜನ ನಿಮ್ಮನ್ನು ತಳ್ಳಿಕೊಂಡು ಇಳಿಸಿಬಿಟ್ಟರು.

ವಿಮಲಕ್ಕ, ಉತ್ತರ ಗೊತ್ತಿದ್ದೇ ಕೇಳಿದಿರಾ?