ಒದ್ದೆ ಮರಳು

ಟ್ರಾಮಿಗೆ ಮರಳು ಯಾಕೆ ಎಂದು ಕೇಳಿದವರಿಗೆಲ್ಲ ಬಾತಿಮಾ ಒಂದೇ ಮಾತು ಹೇಳುತ್ತಿದ್ದಳು: "ನಿಲ್ಲೋಕೆ." ಎಲೆ ಉದುರುವ ಕಾಲದಲ್ಲಿ ಹಳಿ ಜಾರುತ್ತದೆ. ಚಾಲಕ ಪೆಡಲ್ ತುಳಿದರೆ ಚಕ್ರದ ಮುಂದೆ ಮರಳು ಸುರಿಯಬೇಕು, ಆಗಲೇ ಗಾಡಿ ನಿಲ್ಲುವುದು. ಇಪ್ಪತ್ತಾರು ವರ್ಷ ಅವಳು ಡಿಪೋದ ಒಲೆಯ ಮೇಲೆ ಆ ಮರಳನ್ನು ರವೆಯ ಹಾಗೆ ಹುರಿದು, ಜರಡಿ ಹಿಡಿದು, ಗಾಡಿಗಳ ಪೆಟ್ಟಿಗೆಗೆ ತುಂಬಿದಳು. ಒಂದೇ ಒಂದು ದಿನ ಮಾತ್ರ ಹುರಿಯಲಿಲ್ಲ.

ಅದರ ಹಿಂದಿನ ದಿನ ತಂಗಿಯ ಮಗಳ ಮದುವೆ. ಕಝಾಕರ ಮದುವೆಯಿಂದ ಅರ್ಧಕ್ಕೇ ಎದ್ದು ಬಂದರೆ ಬೀಗರು ಸುಮ್ಮನಿರುತ್ತಾರೆಯೇ? ಕುಣಿದು ಸುಸ್ತಾಗಿ ಬೆಳಿಗ್ಗೆ ತಡವಾಗಿ ಬಂದಳು. ಒಲೆ ಆರಿತ್ತು. "ಅಕ್ಕಾ, ಹೊತ್ತಾಯ್ತು, ಬೇಗ!" ಎಂದು ಚಾಲಕ ಝೊಲ್ದಾಸ್ ಅವಸರ ಮಾಡಿದ. ಒಂದು ಸಲಕ್ಕೆ ಏನಾಗುತ್ತದೆ ಎಂದುಕೊಂಡು ಆ ಪುಣ್ಯಾತ್ಗಿತ್ತಿ ಒದ್ದೆ ಮರಳನ್ನೇ ತುಂಬಿಬಿಟ್ಟಳು. ಅದು ಕೊಳವೆಯಲ್ಲೇ ಗಟ್ಟಿಕಟ್ಟಿತು. ಇಳಿಜಾರಿನಲ್ಲಿ ಗಾಡಿ ನಿಲ್ಲಲಿಲ್ಲ. ಝೊಲ್ದಾಸ್ ಜನರನ್ನೆಲ್ಲ ಹಿಂದಕ್ಕೆ ಓಡಿಸಿ, ತಾನು ಮಾತ್ರ ಬ್ರೇಕಿನ ಹಿಡಿ ಬಿಡದೆ ಕೂತು ಸತ್ತ.

ಬ್ರೇಕು ಹಳೆಯದು, ಚಾಲಕ ಕುಡಿದಿದ್ದ ಎಂದು ಯಾರೋ ವರದಿಯಲ್ಲಿ ಬರೆದರು. ಟ್ರಾಮನ್ನು ಊರಿಂದಲೇ ತೆಗೆದುಹಾಕಲು ಕಾದಿದ್ದವರಿಗೆ ಆ ನೆಪ ಸಾಕಾಯಿತು. ಆರು ತಿಂಗಳಲ್ಲಿ ಹಳಿಯ ಮೇಲೆ ಡಾಂಬರು ಬಿತ್ತು, ಗಾಡಿಗಳು ಗುಜರಿಗೆ ಹೋದವು. ಬಾತಿಮಾ ತುಟಿ ಪಿಟಕ್ಕೆನ್ನಲಿಲ್ಲ.

ಝೊಲ್ದಾಸನ ಹೆಂಡತಿ ರಾಬಿಗಾ ಅವಳ ನೆರೆಯವಳೇ. ಆಮೇಲಿನ ಒಂಬತ್ತು ವರ್ಷ ದಿನಾ ಸಂಜೆ ಬಾತಿಮಾಗೆ ಅಲ್ಲೇ ಚಹಾ. ರಾಬಿಗಾ ಬಟ್ಟಲಿಗೆ ಅರ್ಧವೇ ಬಗ್ಗಿಸುತ್ತಿದ್ದಳು, ಇನ್ನೂ ಕೂತಿರು ಎಂದು. ಬಟ್ಟಲು ತುಂಬ ಬಗ್ಗಿಸಿದರೆ ಕುಡಿದು ಹೊರಡು ಎಂದರ್ಥ. ಅದು ಬೇಡದ ನೆಂಟರಿಗೆ.

"ಇವತ್ತೂ ಅಂಗಡಿಯವಳು ಕುಡುಕನ ಹೆಂಡ್ತಿ ಅಂದ್ಲು ಕಣೇ," ಎನ್ನುತ್ತಿದ್ದಳು ರಾಬಿಗಾ.

"ಅವಳ ಬಾಯಿಗೆ ಹುಳ ಬೀಳ!" ಎಂದು ಬಾತಿಮಾ ಶಪಿಸುತ್ತಿದ್ದಳು. ಎಂಥ ಭಂಡತನ ನೋಡಿ!

ಈ ವರ್ಷ ಹೊಗೆಯಿಂದ ಊರು ಕೆಮ್ಮತೊಡಗಿದಾಗ ಟ್ರಾಮ್ ಮತ್ತೆ ಬರಲಿ ಎಂಬ ಮಾತು ಎದ್ದಿತು. ಶಾಲೆಯಲ್ಲಿ ಸಭೆ ಕರೆದರು. ಕೋಟು ತೊಟ್ಟ ಒಬ್ಬ ದಢೂತಿ ಎದ್ದು, "ಆ ಇಳಿಜಾರಲ್ಲಿ ಟ್ರಾಮ್ ನಿಲ್ಲೋದೇ ಇಲ್ಲ. ಇನ್ನೊಬ್ಬ ಕುಡುಕನ ಕೈಗೆ ನಮ್ಮ ಮಕ್ಕಳನ್ನ ಕೊಡ್ಬೇಕಾ?" ಎಂದ. ಜನ ನಕ್ಕರು. ಪಕ್ಕದಲ್ಲಿ ಕೂತಿದ್ದ ರಾಬಿಗಾ ತಲೆ ತಗ್ಗಿಸಿದಳು.

ಬಾತಿಮಾ ಎದ್ದಳು.

"ನಿಲ್ಲುತ್ತೆ ಕಣಯ್ಯಾ! ಒಣ ಮರಳಿದ್ರೆ ನಿಲ್ಲುತ್ತೆ. ಝೊಲ್ದಾಸ್ ಒಂದು ತೊಟ್ಟೂ ಕುಡಿದಿರ್ಲಿಲ್ಲ. ಮದುವೇಲಿ ಕುಣಿದು ಬಂದು ಒದ್ದೆ ಮರಳು ತುಂಬಿದೋಳು ನಾನು. ಅವನನ್ನ ಕೊಂದಿದ್ದು ನಾನು!"

ಅಧ್ಯಕ್ಷರು ಏನೋ ಬರೆದುಕೊಂಡು, ಮತ್ತೆ ಯೋಚಿಸೋಣ ಎಂದರು. ರಾಬಿಗಾ ಅಷ್ಟರಲ್ಲಾಗಲೇ ಎದ್ದು ಹೋಗಿದ್ದಳು.

ಸಂಜೆ ಬಾತಿಮಾ ಮುಖ ಮುಚ್ಚಿಕೊಂಡು ಮನೆಯಲ್ಲಿ ಕೂರಬಹುದಿತ್ತು. ಕೂರಲಿಲ್ಲ, ಪಕ್ಕದ ಮನೆಗೆ ಹೋದಳು. ಬಾಗಿಲು ತೆರೆದೇ ಇತ್ತು. ರಾಬಿಗಾ ಎಂದಿನಂತೆ ಊಟದ ಬಟ್ಟೆ ಹಾಸಿ, ರೊಟ್ಟಿ ಬೆಣ್ಣೆ ಇಟ್ಟಳು.

"ಅವರು ಕುಡಿದಿರ್ಲಿಲ್ಲ, ಅಲ್ವಾ?"

"ಇಲ್ಲ ಕಣೇ. ನನ್ನಾಣೆ, ಇಲ್ಲ."

"ನಂಗೊತ್ತಿತ್ತು," ಎಂದು ರಾಬಿಗಾ ಕಣ್ಣೊರೆಸಿಕೊಂಡಳು. ಬಟ್ಟಲಿಗೆ ಹಾಲು ಹಾಕಿ ಚಹಾ ಬಗ್ಗಿಸಿದಳು. ಅರ್ಧಕ್ಕೆ ಕೈ ನಿಲ್ಲಲಿಲ್ಲ. ಅಂಚಿನವರೆಗೆ ತುಂಬಿಸಿ, ಎರಡೂ ಕೈಯಿಂದ ಮುಂದಿಟ್ಟಳು.

ಬಾತಿಮಾ ಬಿಸಿಬಿಸಿಯಾಗಿಯೇ ಪೂರ್ತಿ ಕುಡಿದು ಎದ್ದಳು.